ಹೊಗೆ ಹಿಡಿಸಿದ ವಿಸ್ಕಿ: ಕಸುಬಿನ ನಾಲ್ಕು ಮಾತು

ಮುಂಬಯಿಯ ಧಕ್ಕೆಯಿಂದ ಹೊರಡುವ ಪ್ರವಾಸಿ ಹಡಗುಗಳ ಪಾನಗೃಹದಲ್ಲಿ ಕೆಲಸ ಬಯಸುವ ತರುಣ ವಾಚಕರು, ‘ಹೊಗೆ ಹಿಡಿಸಿದ ವಿಸ್ಕಿ ಎಂದರೇನು?’ ಎಂದು ಕೇಳಿದ್ದಾರೆ. ಕುಡಿತವನ್ನು ಹೊಗಳಲು ನಾವು ಬರೆಯುತ್ತಿಲ್ಲ. ಕೆಲಸ ಬಲ್ಲವನಿಗೆ ಅನ್ನವುಂಟೆಂದು ಬರೆಯುತ್ತೇವೆ.

ಸೌದೆ ಒಲೆಯ ಮೇಲೆ ಕಾಸಿದ ಹಾಲಿಗೆ ಹೊಗೆವಾಸನೆ ಹಿಡಿಯುವುದನ್ನು ಊರಿನಲ್ಲಿ ಎಲ್ಲರೂ ಬಲ್ಲರು. ಇದೂ ಅದೇ. ಸೌದೆ ಹೊಗೆಯಾಡುವಾಗ ಹುಟ್ಟುವ ಫಿನಾಲ್ ಮೊದಲಾದ ವಸ್ತುಗಳು ಪಾನೀಯಕ್ಕೆ ಸೇರುತ್ತವೆ. ಸ್ಕಾಟ್ಲೆಂಡಿನಲ್ಲಿ ಪೀಟ್ ಎಂಬ ಜವುಗುಮಣ್ಣನ್ನು ಉರಿಸಿ, ಮೊಳೆತ ಬಾರ್ಲಿಯನ್ನೇ ಅದರ ಹೊಗೆಯಲ್ಲಿ ಒಣಗಿಸುವುದುಂಟು. 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಮೃತ್ ಸಂಸ್ಥೆಯೂ ಅಂಥ ಬಾರ್ಲಿಯಿಂದ ವಿಸ್ಕಿ ಮಾಡುತ್ತದೆ. ಅದರ ಸಿಂಗಲ್ ಮಾಲ್ಟ್ 2004ರಲ್ಲಿ ಗ್ಲಾಸ್ಗೋದಲ್ಲಿ ಬಿಡುಗಡೆಯಾಯಿತು.

ಕ್ರಮ ಇಷ್ಟೆ: 60 ಮಿಲಿಲೀಟರ್ ವಿಸ್ಕಿ, ಒಂದು ಚಮಚ ಸಕ್ಕರೆ ಪಾಕ, ಎರಡು ತೊಟ್ಟು ಬಿಟರ್ಸ್; ಮಂಜುಗಡ್ಡೆಯೊಡನೆ ಕಲಕಿ ಸೋಸಬೇಕು. ಕಲ್ಲಿನ ತಟ್ಟೆಯಲ್ಲಿ ಒಣ ಓಕ್ ಚೂರನ್ನು ಸುಟ್ಟು, ಜ್ವಾಲೆ ಆರಿಸಿ, ಹೊಗೆಯ ಮೇಲೆ ತಣ್ಣನೆಯ ಗಾಜಿನ ಲೋಟವನ್ನು ಅರ್ಧ ನಿಮಿಷ ಬೋರಲಿಟ್ಟು, ಬಳಿಕ ಪಾನೀಯ ಸುರಿಯಬೇಕು. ಹೆಚ್ಚು ಹೊತ್ತಾದರೆ ಕಹಿ. ಬಣ್ಣ, ಅಂಟು ತಗುಲಿದ ಮರ ಕೂಡದು. ಅದರ ಹೊಗೆ ವಿಷ. ಬಾಟಲಿ ಬೆಂಕಿಯಿಂದ ದೂರವಿರಲಿ. ನಡುಗಡಲಲ್ಲಿ ಬೆಂಕಿ ಬಿದ್ದರೆ ಓಡಲು ಬೀದಿಯಿಲ್ಲ.

ಮಹಾರಾಷ್ಟ್ರದಲ್ಲಿ 1949ರ ಪಾನನಿಷೇಧ ಕಾಯಿದೆ ಇಂದಿಗೂ ಇದೆ. ಕುಡಿಯಲು ಪರ್ಮಿಟ್ ಬೇಕು, ವಿಸ್ಕಿಗೆ 25 ವರ್ಷ ತುಂಬಿರಬೇಕು. ನಮ್ಮವರು ನಡೆಸಿಕೊಂಡು ಬಂದ ‘ಪರ್ಮಿಟ್ ರೂಮ್’ಗಳ ಹೆಸರೂ ಇದರಿಂದಲೇ ಬಂದುದು. ಅಭ್ಯಾಸಕ್ಕೆ ವಿಸ್ಕಿಯೇ ಬೇಕಿಲ್ಲ; ಪುನರ್ಪುಳಿ ಶರಬತ್ತಿನಲ್ಲೇ ಕೈ ಪಳಗಲಿ.