ನೇಗಿಲು, ಗೊಬ್ಬರ ಮತ್ತು ಮಣ್ಣಿನ ಸತ್ತ್ವ

ಕಳೆದ ಬೇಸಗೆಯ ರಜೆಯಲ್ಲಿ ಮುಂಬಯಿಯಿಂದ ಧಾರವಾಡದ ಕಡೆಯ ನಮ್ಮೂರಿಗೆ ಹೋದಾಗ ತಂದೆಯವರು ಹೊಲದ ಬದುವಿನ ಮೇಲೆ ಕುಳಿತು ಕೇಳಿದರು: "ಎತ್ತು ಮಾರಿದ ಮ್ಯಾಲೆ ತಿಪ್ಪಿನೂ ಇಲ್ಲದಂಗಾತು. ಚೀಲದ ಗೊಬ್ಬರಕ್ಕ ಬೆಳಿ ಬರತೈತಿ. ಆದರ ಹೊಲದ ಗತಿ ಏನಪಾ?" ಅಂದು ನಾನು ಉತ್ತರಿಸಲಾರದೆ ಹೋದೆ. ಬಳಿಕ ಓದಿ ತಿಳಿದುದನ್ನು ನಮ್ಮ ವಿದ್ಯಾರ್ಥಿಗಳ ಮುಂದಿಡುತ್ತಿದ್ದೇನೆ.

ಬೇರು, ಎಲೆ, ಸಗಣಿ ಮೊದಲಾದುವು ಕೊಳೆತು ಮಣ್ಣಿನಲ್ಲಿ ಬೆರೆತಾಗ ಉಂಟಾಗುವ ಕಪ್ಪು ದ್ರವ್ಯವೇ ಸಾವಯವಾಂಶ. ಅದರಲ್ಲಿ ಇಂಗಾಲವು ಸುಮಾರು ಹತ್ತು ಪಾಲಿದ್ದರೆ ಸಾರಜನಕವು ಒಂದು ಪಾಲಿರುವುದು. ಆದುದರಿಂದ ಒಂದು ಕ್ಷೀಣಿಸಿದರೆ ಮತ್ತೊಂದೂ ಕ್ಷೀಣಿಸುತ್ತದೆ. ನೇಗಿಲು ಹೆಂಟೆಗಳನ್ನೊಡೆದು ಗಾಳಿಯನ್ನು ಒಳಗೆ ಬಿಡುತ್ತದೆ. ಅಡಗಿದ್ದ ಸಾವಯವಾಂಶವು ಆಗ ಅಣುಜೀವಿಗಳಿಗೆ ಆಹಾರವಾಗುತ್ತದೆ. ಇಂಗಾಲವು ಇಂಗಾಲಾಮ್ಲ ವಾಯುವಾಗಿ ಹೊರಬೀಳುವುದು. ಸಾರಜನಕವು ನೈಟ್ರೇಟಾಗಿ ಕೆಲವಂಶ ಬೆಳೆಗೂ, ಕೆಲವಂಶ ಮಳೆನೀರಿನೊಡನೆ ಪಾತಾಳಕ್ಕೂ ಸೇರುವುದು. ಹುಲ್ಲುಗಾವಲನ್ನು ಹೊಸದಾಗಿ ಉತ್ತಾಗ ಮೊದಲ ಬೆಳೆಗಳು ಹುಲುಸಾಗಿ ಬರುವುದು ಇದರಿಂದಲೇ. ರೈತನು ಅಜ್ಜನ ಗಂಟನ್ನು ಬಿಚ್ಚಿ ಉಣ್ಣುತ್ತಿರುವನೆಂದು ಆಗ ತಿಳಿಯಬೇಕು.

ಈ ಲೆಕ್ಕವನ್ನು ಅತಿ ದೀರ್ಘಕಾಲ ಇಟ್ಟವರು ಇಂಗ್ಲೆಂಡಿನ ರೋಥಮ್‌ಸ್ಟೆಡ್ ಸಂಶೋಧನಾಲಯದವರು. ಅಲ್ಲಿಯ ಬ್ರಾಡ್‌ಬಾಕ್ ಎಂಬ ಹೊಲದಲ್ಲಿ ಲಾಸ್ ಮತ್ತು ಗಿಲ್ಬರ್ಟ್ ಎಂಬ ವಿಜ್ಞಾನಿಗಳು 1843ರಲ್ಲಿ ಆರಂಭಿಸಿದ ಗೋಧಿಯ ಪ್ರಯೋಗವು ಇಂದಿಗೂ ನಡೆದಿದೆ. ಒಂದು ಪಟ್ಟೆಗೆ ಯಾವ ಗೊಬ್ಬರವೂ ಇಲ್ಲ. ಇನ್ನೊಂದಕ್ಕೆ ಪ್ರತಿವರ್ಷ ಹೆಕ್ಟೇರಿಗೆ ಸುಮಾರು 35 ಟನ್ ಕೊಟ್ಟಿಗೆ ಗೊಬ್ಬರ. ಬೇರೆ ಕೆಲವಕ್ಕೆ ರಾಸಾಯನಿಕ ಲವಣಗಳು. ಗೊಬ್ಬರವಿಲ್ಲದ ಪಟ್ಟೆ ಶತಮಾನಗಳಿಂದ ಉತ್ತು ಮೊದಲೇ ಬಡವಾಗಿದ್ದುದರಿಂದ ಹೆಚ್ಚೇನೂ ಇಳಿಯದೆ ನಿಂತಿತು. ಕೊಟ್ಟಿಗೆ ಗೊಬ್ಬರ ಪಡೆದ ಮಣ್ಣಿನಲ್ಲಾದರೋ ಇಂಗಾಲವೂ ಸಾರಜನಕವೂ ಇಮ್ಮಡಿಗಿಂತ ಹೆಚ್ಚಾದುವು. ತಕ್ಕಷ್ಟು ಲವಣ ಪಡೆದ ಪಟ್ಟೆಗಳು ಫಸಲಿನಲ್ಲಿ ಅದಕ್ಕೆ ಸರಿದೂಗಿದರೂ ಅವುಗಳ ಇಂಗಾಲ ಹೆಚ್ಚಿದುದು ಅತ್ಯಲ್ಪ.

ಇನ್ನೊಂದು ಹೊಲದ ಕಥೆ ಮತ್ತಷ್ಟು ಮನನೀಯ. ಹೂಸ್‌ಫೀಲ್ಡಿನ ಒಂದು ತುಂಡಿಗೆ 1852ರಿಂದ 1871ರವರೆಗೆ ಮಾತ್ರ ಕೊಟ್ಟಿಗೆ ಗೊಬ್ಬರ ಹಾಕಿ ಬಳಿಕ ನಿಲ್ಲಿಸಿದರು. ನೂರು ವರ್ಷಗಳಾಚೆಗೂ ಆ ಮಣ್ಣಿನಲ್ಲಿ, ಎಂದೂ ಗೊಬ್ಬರ ಕಾಣದ ಪಕ್ಕದ ಮಣ್ಣಿಗಿಂತ, ಸಾರಜನಕ ಹೆಚ್ಚಾಗಿಯೇ ಇದ್ದಿತು. ಇದಕ್ಕೆ ವಿರುದ್ಧವಾಗಿ, ಹೈಫೀಲ್ಡಿನ ಹಳೆಯ ಹುಲ್ಲುಗಾವಲಿನ ಒಂದು ಭಾಗವನ್ನು ಉತ್ತು, 1959ರಿಂದ ಬೆಳೆಯಿಲ್ಲದೆ ಬರಿದಾಗಿಟ್ಟರು. ಬೇರೂ ಇಲ್ಲ, ಗೊಬ್ಬರವೂ ಇಲ್ಲ. ಸುಮಾರು ಐವತ್ತು ವರ್ಷಗಳಲ್ಲಿ ಅದರ ಇಂಗಾಲದ ಅರ್ಧಕ್ಕಿಂತ ಹೆಚ್ಚು ನಾಶವಾಯಿತು.

ನಮ್ಮ ಬಿಸಿಲಿನ ನಾಡಿನಲ್ಲಿ ಕೊಳೆಯುವ ಕ್ರಿಯೆ ಇನ್ನೂ ತ್ವರಿತ. ಆದುದರಿಂದ ಗೊಬ್ಬರದ ಅಗತ್ಯವೂ ಹೆಚ್ಚು. ಹಾಗೆಂದು ಅತಿಯಾಗಿ ಸುರಿಯುವುದೂ ಸಲ್ಲದು. ಬೆಳೆ ಉಣ್ಣಲಾರದ ನೈಟ್ರೇಟು ಅಂತರ್ಜಲವನ್ನು ಕೆಡಿಸುವುದು.

ತಂದೆಯವರಿಗೆ ಹೀಗೆ ಬರೆದೆ: "ಚೀಲದ ಗೊಬ್ಬರ ಈ ವರ್ಷದ ಬೆಳೆಗೆ ಆದೀತು, ಹೊಲಕ್ಕೆ ತಿಪ್ಪೆಯೇ ಬೇಕು. ಕಣಿಕೆ, ರವದಿ ಸುಡಬೇಡಿರಿ. ಅವನ್ನೇ ಕೊಳೆಸಿ ಮಣ್ಣಿಗೆ ಸೇರಿಸಿರಿ." ಈ ಸಲದ ಪತ್ರದಲ್ಲಿ ಅವರು, ಅಜ್ಜನ ಕಾಲದ ಗೊಬ್ಬರದ ಗುಂಡಿಯನ್ನು ಮತ್ತೆ ತೋಡಿಸಿರುವುದಾಗಿ ತಿಳಿಸಿದ್ದಾರೆ. ಮಕ್ಕಳೇ, ರಜೆಯಲ್ಲಿ ಊರಿಗೆ ಹೋದಾಗ ಹೊಲದ ಒಂದು ಹಿಡಿ ಮಣ್ಣನ್ನು ಕೈಯಲ್ಲಿ ಹಿಡಿದು ನೋಡಿರಿ. ನಿಮ್ಮ ಮುತ್ತಜ್ಜ ಹೊತ್ತು ಹಾಕಿದ ಗೊಬ್ಬರದ ಅಂಶ ಅದರಲ್ಲಿ ಇನ್ನೂ ಉಳಿದಿದ್ದೀತು.