ಜೋತುಬಿದ್ದ ಬೀರುವಿನ ಬಾಗಿಲು

ಲಾಲ್‌ಬಾಗಿಗೂ ಹೊಸೂರು ರಸ್ತೆಗೂ ನಡುವಣ ವಿಲ್ಸನ್ ಗಾರ್ಡನ್ನಿನಲ್ಲಿ ಹಳೆಯ ಮನೆಗಳು ಮರೆಯಾಗಿ ಬಹುಮಹಡಿಯ ವಸತಿಗಳು ಏಳುತ್ತಿವೆ. ಮನೆ ಬದಲಾಯಿಸುವ ಸಂಸಾರಗಳಿಗೆ ಆಗ ಒಂದು ಚಿಂತೆ: ಅಜ್ಜಿಯ ಕಾಲದ ತೇಗದ ಬೀರುವನ್ನು ಏನು ಮಾಡುವುದು? ಅದರ ಬಾಗಿಲು ಜೋತುಬಿದ್ದಿದೆ, ಚಿಲಕ ಕೂಡುವುದಿಲ್ಲ. ಆಯುಸ್ಸು ತೀರಿತೆಂದು ಅದನ್ನು ಗುಜರಿಗೆ ಕೊಟ್ಟುಬಿಡುವವರೂ ಉಂಟು. ಆದರೆ ಅನೇಕ ವೇಳೆ ತೀರಿರುವುದು ಬೀರುವಿನ ಆಯುಸ್ಸಲ್ಲ, ನಾಲ್ಕು ತಿರುಪುಮೊಳೆಗಳ ಹಿಡಿತ ಮಾತ್ರ.

ಕದವನ್ನು ಚೌಕಟ್ಟಿಗೆ ಸೇರಿಸುವ ಕೀಲಿಗೆ ಬೆಂಗಳೂರಿನ ಬಡಗಿಗಳು 'ಹಿಂಜಸ್' ಎನ್ನುತ್ತಾರೆ. ಉತ್ತರ ಕರ್ನಾಟಕದಲ್ಲಿ ಅದು 'ಬಿಜಾಗರಿ'. ಎರಡು ಲೋಹದ ರೆಕ್ಕೆಗಳು, ನಡುವೆ ಒಂದು ಕಡ್ಡಿ. ಇಷ್ಟೇ ಅದರ ರಚನೆ. ಆದರೆ ಕದದ ಭಾರವೆಲ್ಲ ಮೇಲಿನ ಕೀಲನ್ನು ಹೊರಕ್ಕೆ ಎಳೆಯುತ್ತದೆ, ಕೆಳಗಿನದನ್ನು ಒಳಕ್ಕೆ ಒತ್ತುತ್ತದೆ. ಆದಕಾರಣ ಮೊದಲು ಸಡಿಲವಾಗುವುದು ಸಾಮಾನ್ಯವಾಗಿ ಮೇಲಿನದೇ.

ಹೊಸದನ್ನು ಕೊಳ್ಳುವ ಮುನ್ನ ರೋಗವನ್ನು ಗುರುತಿಸಬೇಕು. ಕದವನ್ನು ಅರ್ಧ ತೆರೆದು, ಅದರ ಹೊರಅಂಚನ್ನು ಹಿಡಿದು ಮೆಲ್ಲಗೆ ಮೇಲೆತ್ತಿ ನೋಡಿರಿ. ರೆಕ್ಕೆಯೇ ಮರದಿಂದ ಅಲುಗಿದರೆ ತಿರುಪಿನ ರಂಧ್ರ ಸವೆದಿದೆ. ರೆಕ್ಕೆ ಅಲುಗದೆ ನಡುವಿನ ಕಡ್ಡಿ ಕುಲುಕಿದರೆ ಕೀಲು ಸವೆದಿದೆ. ಅದನ್ನು ಬದಲಿಸುವುದೇ ಲೇಸು. ಬರಿಯ ಕಿರುಗುಟ್ಟುವಿಕೆಗೆ ಹೊಲಿಗೆಯ ಯಂತ್ರದ ಎಣ್ಣೆ ಎರಡು ತೊಟ್ಟು ಸಾಕು. ಕೊಬ್ಬರಿ ಎಣ್ಣೆ ಬೇಡ. ಬೆಂಗಳೂರಿನ ಚಳಿಗೆ ಹೆಪ್ಪುಗಟ್ಟುವ ಆ ಎಣ್ಣೆ ಧೂಳನ್ನೂ ಹಿಡಿದಿಡುತ್ತದೆ.

ಸವೆದ ರಂಧ್ರಕ್ಕೆ ಚಿಕಿತ್ಸೆ ಸುಲಭ. ಕದದಡಿ ಮರದ ತುಂಡೊಂದನ್ನು ಆನಿಸಿ, ಒಂದು ಬಾರಿಗೆ ಒಂದೇ ಕೀಲನ್ನು ಬಿಚ್ಚಿರಿ. ತಿರುಪಿನ ತಲೆಯ ಸೀಳಿನಲ್ಲಿ ಹಳೆಯ ಬಣ್ಣ ತುಂಬಿದ್ದರೆ ಮೊದಲು ಕೆರೆದು ತೆಗೆಯಿರಿ. ಮದ್ದಿಲ್ಲದ ಬೆಂಕಿಕಡ್ಡಿಗಳನ್ನೋ ಬಿದಿರಿನ ಚಕ್ಕೆಯನ್ನೋ ಅಂಟಿನಲ್ಲಿ ಅದ್ದಿ ರಂಧ್ರಕ್ಕೆ ಬಿಗಿಯಾಗಿ ತುಂಬಿರಿ. ಹಿಂದಿನ ಬಡಗಿಗಳು ಪ್ರಾಣಿಗಳ ಚರ್ಮ, ಮೂಳೆಗಳ ಅಂಟನ್ನು ಕಾಯಿಸಿ ಬಳಸುತ್ತಿದ್ದರು. 1959ರಲ್ಲಿ ಫೆವಿಕಾಲ್ ಬಂದ ಮೇಲೆ ಆ ಶ್ರಮ ತಪ್ಪಿತು. ಒಂದು ದಿನ ಒಣಗಿಸಿ, ಹೊರಗುಳಿದ ಚಕ್ಕೆಯನ್ನು ಉಳಿಯಿಂದ ಸವರಿ, ಬೈರಿಗೆಯಿಂದ ಸಣ್ಣ ತೂತು ಕೊರೆದು ತಿರುಪನ್ನು ಬಿಗಿಯಿರಿ. ಹಿತ್ತಾಳೆಯ ತಿರುಪು ಮೃದು. ಗಟ್ಟಿ ತೇಗದಲ್ಲಿ ತಲೆ ಮುರಿದೀತು. ಅದೇ ಅಳತೆಯ ಉಕ್ಕಿನ ತಿರುಪನ್ನು ಒಮ್ಮೆ ತಿರುಗಿಸಿ ದಾರಿ ಮಾಡಿ, ಬಳಿಕ ಹಿತ್ತಾಳೆಯದನ್ನು ಹಾಕುವುದು ಜಾಣತನ. ಆಮೇಲೂ ಅಂಚು ಕೊಂಚ ತಗ್ಗಿದ್ದರೆ ಕೆಳಗಿನ ರೆಕ್ಕೆಯ ಹಿಂದೆ ತೆಳುವಾದ ರಟ್ಟಿನ ತುಂಡನ್ನಿಡಿರಿ, ಹೊರಅಂಚು ಮೇಲೇಳುತ್ತದೆ.

ಬದಲಿಸುವುದೇ ಆದರೆ ಹಳೆಯ ಕೀಲನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿರಿ. ಉದ್ದ, ಅಗಲ, ದಪ್ಪ, ರಂಧ್ರಗಳ ಸ್ಥಾನ ಹೊಂದಿದರೆ ಮರವನ್ನು ಹೊಸದಾಗಿ ಕೆತ್ತಬೇಕಿಲ್ಲ. ಕನ್ನಡಿಯುಳ್ಳ ಎತ್ತರದ ಕದಕ್ಕೆ ಮೂರನೆಯ ಕೀಲನ್ನು ಮೇಲಿನದರ ಸಮೀಪದಲ್ಲೇ ಹಾಕಿಸುವುದು ಕ್ಷೇಮ.

ಇಂದಿನ ಅಡುಗೆಮನೆಯ ಕಪಾಟುಗಳಲ್ಲಿ ಕೀಲು ಕದದ ಒಳಗೆ ಅಡಗಿರುತ್ತದೆ. ಅದರ ಬಟ್ಟಲು ಕೂರುವ ಗುಂಡಿ ಸಾಮಾನ್ಯವಾಗಿ 35 ಮಿಲಿಮೀಟರ್ ಅಗಲ. ಇಲ್ಲಿ ಬಾಗಿಲು ವಾಲಿದರೆ ಗಾಬರಿ ಬೇಡ. ತೋಳಿನ ಮುಂದಿನ ತಿರುಪು ಕದವನ್ನು ಎಡಬಲಕ್ಕೆ ಸರಿಸುತ್ತದೆ, ಹಿಂದಿನದು ಒಳಹೊರಕ್ಕೆ. ಆದರೆ ಪುಡಿ ಒತ್ತಿ ಮಾಡಿದ ಹಲಗೆಯಲ್ಲಿ ರಂಧ್ರ ಸಡಿಲವಾದರೆ ಬೆಂಕಿಕಡ್ಡಿ ನೆಚ್ಚಿಕೆಯಲ್ಲ. ರಂಧ್ರವನ್ನು ಅಗಲಿಸಿ ಗುಂಡನೆಯ ಮರದ ಬೆಣೆಯನ್ನು ಅಂಟಿಸಬೇಕು.

ಅಲುಗುವ ಕದವನ್ನು ನಾಳೆ ನೋಡೋಣವೆಂದು ಬಿಡುವುದು ಸಲ್ಲದು. ಒಂದು ಕೀಲು ಕೈಬಿಟ್ಟರೆ ಭಾರವೆಲ್ಲ ಇನ್ನೊಂದರ ಮೇಲೆ. ಕದ ಬೀಳುವಾಗ ಕೆಳಗೆ ಮಗುವೊಂದು ಆಡುತ್ತಿರಬಹುದು. ಅರ್ಧ ಗಂಟೆಯ ಬಿಡುವು ಮತ್ತು ಹಿಡಿಯಷ್ಟು ಬೆಂಕಿಕಡ್ಡಿಗಳು ಆ ಅಪಾಯವನ್ನು ತಪ್ಪಿಸುತ್ತವೆ. ತಲೆಮಾರುಗಳ ರೇಷ್ಮೆಸೀರೆಗಳನ್ನು ಕಾಪಾಡಿದ ಬೀರುವನ್ನೂ ಮನೆಯಲ್ಲೇ ಉಳಿಸುತ್ತವೆ.