ಸೇತುವೆ ಬೇಡವೆಂದ ರೈಲು ಎಂಜಿನ್



ಉಗಿಬಂಡಿ ಚಿತ್ರ ಬಿಡಿಸುವಾಗ ನಾವು ಹೊಗೆ ಬರೀತೀವಿ, ಚಕ್ರ ಬರೀತೀವಿ. ಅದು ದಾಟುವ ಸೇತುವೆ ಎಷ್ಟು ಪೆಟ್ಟು ತಿನ್ನುತ್ತೆ ಅಂತ ಯೋಚಿಸೋದಿಲ್ಲ. ಈ ಪೆಟ್ಟಿನ ಲೆಕ್ಕ ಬಿಟ್ಟುಹೋಗಿ ಒಬ್ಬ ಎಂಜಿನಿಯರ್ ಕೆಲಸ ಕಳೆದುಕೊಂಡರು. ಆ ಕಥೆ ಹೇಳ್ತೀನಿ, ಕೇಳಿ.

ಸ್ಕಾಟ್ಲೆಂಡಿನ ಉತ್ತರ ಭಾಗ ಗುಡ್ಡಗಾಡು. ಅಲ್ಲಿ ಹೈಲ್ಯಾಂಡ್ ರೈಲ್ವೆ ಎಂಬ ಕಂಪನಿ ಇತ್ತು. ಪರ್ತ್ ಊರಿನಿಂದ ಇನ್ವರ್ನೆಸ್‌ಗೆ ಹೋಗುವ ಅದರ ಹಳಿಯಲ್ಲಿ ಏರೂ ಬಹಳ, ಸೇತುವೆಗಳೂ ಬಹಳ. 1914ರಲ್ಲಿ ಮೊದಲನೇ ಮಹಾಯುದ್ಧ ಶುರುವಾಯ್ತು. ಉತ್ತರದ ನೌಕಾನೆಲೆಗೆ ಸೈನಿಕರು, ಸಾಮಾನು ಎಲ್ಲಾ ಈ ದಾರಿಯಲ್ಲೇ ಹೋಗಬೇಕಿತ್ತು. ಇದ್ದ ಎಂಜಿನ್‌ಗಳು ಸಾಲಲಿಲ್ಲ.

ಕಂಪನಿಯ ಎಂಜಿನ್ ವಿಭಾಗದ ಮುಖ್ಯಸ್ಥ ಫ್ರೆಡರಿಕ್ ಸ್ಮಿತ್ ಹೊಸ ಎಕ್ಸ್‌ಪ್ರೆಸ್ ಎಂಜಿನ್ ರೂಪಿಸಿದ್ದರು. ಮುಂದೆ ನಾಲ್ಕು ಸಣ್ಣ ಚಕ್ರ, ಹಿಂದೆ ಆರು ಅಡಿ ಎತ್ತರದ ಆರು ಚಕ್ರ. ತೂಕ ಸುಮಾರು 72 ಟನ್! ಹಾಥಾರ್ನ್ ಲೆಸ್ಲಿ ಕಾರ್ಖಾನೆಗೆ ಆರು ಎಂಜಿನ್ ಮಾಡಲು ಹೇಳಿದ್ದರು. 'ರಿವರ್ ನೆಸ್', 'ರಿವರ್ ಸ್ಪೇ' ಅಂತ ನದಿಗಳ ಹೆಸರು.

1915ರಲ್ಲಿ ಎಂಜಿನ್ ಬಂತು. ಆದರೆ ಹಳಿ, ಸೇತುವೆ ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ಅಲೆಕ್ಸಾಂಡರ್ ನ್ಯೂಲ್ಯಾಂಡ್ಸ್ ಒಪ್ಪಲಿಲ್ಲ. ಇಷ್ಟು ಭಾರ ಸೇತುವೆ ತಡೆಯೋದಿಲ್ಲ ಅಂದರು. ಆರೂ ಎಂಜಿನ್‌ಗಳನ್ನು ಕ್ಯಾಲೆಡೋನಿಯನ್ ರೈಲ್ವೆಗೆ ಮಾರಿಬಿಟ್ಟರು. ಸ್ಮಿತ್ ರಾಜೀನಾಮೆ ಕೊಡಬೇಕಾಯ್ತು.

ಇಷ್ಟು ಓದಿದಾಗ ನಾನೂ ಸ್ಮಿತ್ ಅವರದೇ ತಪ್ಪು ಅಂದುಕೊಂಡೆ. ಆಮೇಲೆ ಒಂದು ಹೊಸ ವಿಷಯ ತಿಳೀತು.

ಒನಕೆಯನ್ನು ಭತ್ತದ ಮೇಲೆ ಸುಮ್ಮನೆ ನಿಲ್ಲಿಸಿದರೆ ಏನೂ ಆಗಲ್ಲ. ಅದೇ ಒನಕೆಯನ್ನು ಎತ್ತಿ ಕುಟ್ಟಿದರೆ ಹೊಟ್ಟು ಬಿಡುತ್ತೆ. ತೂಕ ಒಂದೇ, ಪೆಟ್ಟು ಬೇರೆ. ಉಗಿ ಎಂಜಿನ್ನಿನಲ್ಲೂ ಹೀಗೆಯೇ. ಪಿಸ್ಟನ್ ಹಿಂದೆ ಮುಂದೆ ಓಡುವಾಗ ಎಂಜಿನ್ ಕುಲುಕಬಾರದು ಅಂತ ಚಕ್ರದ ಒಂದು ಕಡೆ ಹೆಚ್ಚು ತೂಕ ಸೇರಿಸ್ತಾರೆ. ಚಕ್ರ ಒಂದು ಸುತ್ತು ತಿರುಗಿದಾಗ ಆ ತೂಕ ಒಮ್ಮೆ ಕೆಳಗೆ ಬಂದು ಹಳಿಯನ್ನು ಗುದ್ದುತ್ತೆ. ಇದೇ ಸುತ್ತಿಗೆ ಪೆಟ್ಟು. ವೇಗ ಎರಡು ಪಟ್ಟಾದರೆ ಪೆಟ್ಟು ನಾಲ್ಕು ಪಟ್ಟು!

ರಿವರ್ ಎಂಜಿನ್ನಿಗೆ ತೂಕ ಹೆಚ್ಚು, ಆದರೆ ಈ ಪೆಟ್ಟು ಕಡಿಮೆ. 1915ರಲ್ಲಿ ಸಾಮಾನ್ಯವಾಗಿ ನೋಡುತ್ತಿದ್ದುದು ನಿಂತ ತೂಕವನ್ನೇ. 1923ರಲ್ಲಿ ಆ ಎರಡು ಕಂಪನಿಗಳೂ ಒಂದೇ ದೊಡ್ಡ ಕಂಪನಿಗೆ ಸೇರಿದವು. ಸೇತುವೆಗಳ ಮೇಲೆ ಬೀಳುವ ಪೆಟ್ಟಿನ ಪರೀಕ್ಷೆಗಳೂ ನಡೆದವು. ಕೆಲವು ಸೇತುವೆ ಗಟ್ಟಿ ಮಾಡಿದರು. 1928ರಲ್ಲಿ ರಿವರ್ ಎಂಜಿನ್‌ಗಳು ಅದೇ ಹೈಲ್ಯಾಂಡ್ ಹಳಿಗೆ ಮರಳಿ ಬಂದು ಓಡಿದವು!

ಈ ಆರರಲ್ಲಿ ಈಗ ಒಂದೂ ಉಳಿದಿಲ್ಲ. ಕೊನೆಯದು 1946ರಲ್ಲಿ ನಿಂತಿತು.

ನ್ಯೂಲ್ಯಾಂಡ್ಸ್ ಜನರ ಜೀವಕ್ಕೆ ಹೆದರಿದರು, ಅದು ತಪ್ಪಲ್ಲ. ಸ್ಮಿತ್ ಮಾಡಿದ ಎಂಜಿನ್ನೂ ಕೆಟ್ಟದ್ದಲ್ಲ. ಎಂಜಿನ್ ಕಟ್ಟುವ ಮೊದಲೇ ಇಬ್ಬರೂ ಒಟ್ಟಿಗೆ ಕೂತು ಪೆಟ್ಟಿನ ಲೆಕ್ಕ ಹಾಕಿದ್ದರೆ ಎಷ್ಟು ಚೆನ್ನಾಗಿರ್ತಿತ್ತು, ಅಲ್ವಾ?